ಭೀಮಣ್ಣನ ಬಲಗೈ

ಮದರಾಸಿನ ತ್ರಿಪ್ಲಿಕೇನಿನ ಆ ಮೆಸ್ಸಿನ ಹೊಸ್ತಿಲ ಮೇಲೆ ಅಂದು ನಾನು ಕಂಡ ಕೆಂಪು ಭೀಮಣ್ಣನ ರಕ್ತವೋ, ಆಗಷ್ಟೇ ಒಡೆದ ಬೂದುಗುಂಬಳದ ಕುಂಕುಮವೋ, ಖಚಿತವಾಗಿ ಹೇಳಲಾರೆ. ಐವತ್ತರ ದಶಕದ ಕೊನೆ. ನಾನು ಇತಿಹಾಸದ ಎಂ.ಎ. ಓದುತ್ತಿದ್ದೆ, ಅಲ್ಲೇ ಉಣ್ಣುತ್ತಿದ್ದೆ.

ಭೀಮಣ್ಣ ಮೆಸ್ಸಿನ ಕಾವಲುಗಾರ. ಬಾಗಿಲು ತುಂಬುವ ಮೈ. ಆಯುಧಪೂಜೆಯಂದು ಸೌಟು, ಈಳಿಗೆ, ರುಬ್ಬುಗುಂಡುಗಳ ಸಾಲಿನಲ್ಲಿ ತನ್ನ ಬಲಗೈಯನ್ನೂ ಚಾಚಿ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದ. ಆಮೇಲೆ ದಿನವಿಡೀ ಆ ಕೈ ಎತ್ತುತ್ತಿರಲಿಲ್ಲ. ಊಟವೂ ಎಡಗೈಯಲ್ಲೇ.

"ಎಂತ ಅಸಹ್ಯ ಮಾರಾಯಾ ಇದು. ಗಿರಾಕಿಗಳು ಎಲೆ ಬಿಟ್ಟು ಏಳ್ತಾರೆ," ಎಂದು ಮಾಲೀಕ ಭಟ್ಟರು ಗೊಣಗುತ್ತಿದ್ದರು.

"ಆಯುಧಕ್ಕ ಇವತ್ತು ರಜಾರೀ, ಭಟ್ರ. ಬೇಕಾದ್ರ ನೀವ ತುತ್ತು ಮಾಡಿ ಉಣಸ್ರಿ."

ಬ್ರಿಟಿಷರ ಕಾಲದಲ್ಲಿ ಅವನು ನಮ್ಮ ಕಡೆಯ ಒಂದು ಸಣ್ಣ ಸಂಸ್ಥಾನದಲ್ಲಿ ಚಾಟಿ ಬೀಸುವ ಆಳಾಗಿದ್ದ. ಅಲ್ಲಿ ರಾಜ ದೇವರ ಹೆಸರಿನಲ್ಲಿ ಊರನ್ನು ಆಳುತ್ತಿದ್ದ. ರೆಸಿಡೆಂಟ್ ಸಾಹೇಬ ರಾಜನನ್ನು ಆಳುತ್ತಿದ್ದ. ಕಂದಾಯ ಕೊಡೆನೆಂದ ಪಟೇಲನೊಬ್ಬನನ್ನು ಅರಮನೆಯಂಗಳದ ಕಂಬಕ್ಕೆ ಬಡಿದ ಕಬ್ಬಿಣದ ಬಳೆಗೆ, ಕೈ ಮೇಲೆತ್ತಿಸಿ ಕಟ್ಟಿದರು. ದೇವರು ನೋಡಬಾರದೆಂದು ಎದುರಿನ ಗುಡಿಯ ಬಾಗಿಲು ಹಾಕಿಸಿದರು.

"ಮೊದಲಿನ ಏಟಿಗೆ ಬೆನ್ನ ಚರ್ಮ ಕಿತ್ತು ಬಂತ್ರಿ. ಆಮ್ಯಾಲ ಕಂಬಕ್ಕ ಹೊಡದೆ. ಸಾಹೇಬ ಪರದೆ ಹಿಂದ ಕುಂತು ಸಪ್ಪಳ ಎಣಸ್ತಿದ್ದ, ರಾಜಾ ಮಗ್ಗಲಿಗೆ. ರಕ್ತ ನೋಡಿದ್ರ ರಾಜಾಗ ಊಟ ಸೇರ್ತಿರಲಿಲ್ಲ."

ನಾನು ನಂಬಲಿಲ್ಲ. ಹೊಡೆದವರೆಲ್ಲ ಮುಂದೆ ಹೇಳುವ ಕಥೆ ಅದು.

ಒಂದು ಆಯುಧಪೂಜೆಯಂದು ಆ ಪಟೇಲನ ಮಗ, ಮದರಾಸಿಗೆ ಕೆಲಸದ ಮೇಲೆ ಬಂದವನು, ಅದೇ ಮೆಸ್ಸಿಗೆ ಊಟಕ್ಕೆ ಬಂದ. ಹೊಸ್ತಿಲ ಬಳಿ ಕುಳಿತಿದ್ದ ಭೀಮಣ್ಣನನ್ನು ಗುರುತಿಸಿದ. ಪೂಜೆಗಿಟ್ಟ ಕಬ್ಬಿಣದ ಸೌಟನ್ನು ಎಳೆದುಕೊಂಡು ಅವನ ಬಾಯಿಗೆ ಬಾರಿಸಿದ. ಹಲ್ಲು ಮುರಿದದ್ದು ಕೇಳಿಸಿತು.

"ನಮ್ಮಪ್ಪ ಅವತ್ತ ಸಂಜಿಗೆ ಸತ್ತ, ಸೂಳೆಮಗನ."

"ಕಂಬಕ್ಕ ಹೊಡದೆನೋ ತಮ್ಮಾ."

"ಸುಳ್ಳ." ತಲೆಗೆ ಮತ್ತೊಂದು ಬಿತ್ತು, ಮತ್ತೊಂದು.

ಭೀಮಣ್ಣನ ಎಡಗೈ ಅಡ್ಡ ಬಂತು. ಕುಂಕುಮದ ಬಲಗೈ ತೊಡೆಯ ಮೇಲೆಯೇ ಇತ್ತು; ನನ್ನ ನೆನಪಿನಲ್ಲಂತೂ ಇತ್ತು. "ಪೋದುಂ ಸಾರ್, ಸಾಕು ಬಿಡಿ," ಎನ್ನುತ್ತ ಅಡುಗೆಯವರು ಪಟೇಲನ ಮಗನನ್ನು ಎಳೆದರು.

ಆಸ್ಪತ್ರೆಯಲ್ಲಿ, ಹೊಲಿಗೆ ಹಾಕಿದ ಬಾಯಿಂದ ಭೀಮಣ್ಣ ನನಗೆ ಹೇಳಿದ ಕೊನೆಯ ಮಾತು: "ಕಂಬ ಇನ್ನೂ ಐತ್ರಿ. ಓದಿದವರು, ಹೋಗಿ ನೋಡ್ರಿ." ಜ್ವರ ಏರಿ ತೀರಿಕೊಂಡ.

ವರ್ಷಗಳ ಮೇಲೆ ಹೋದೆ. ಅರಮನೆ ಸರ್ಕಾರಿ ಕಚೇರಿಯಾಗಿತ್ತು. ಪಟೇಲ ಯಾವ ಏಟಿಗೆ ಸತ್ತನೆಂದು ಹೇಳುವವರು ಯಾರೂ ಇರಲಿಲ್ಲ. ಕಂಬ ತೇಗದ್ದು. ಚಾಟಿಯ ಗೀರುಗಳು ಅದರ ಮೇಲಿವೆ; ಎಲ್ಲವೂ ಬಳೆಗಿಂತ ಮೇಲೆ, ಯಾವ ಮನುಷ್ಯನ ಬೆನ್ನೂ ಮುಟ್ಟದ ಎತ್ತರದಲ್ಲಿ.