ಕೆಂಪು ಹಿಡಿಗೆ ಹಾಕಿದ ಗಂಟು

ಮೊನ್ನೆ ಸಂಜೆ ಅಳದಂಗಡಿಯ ನಮ್ಮ ಮನೆಯ ಜಗಲಿಯಲ್ಲಿ ಮಗಳು ಮೇಣದ ಬತ್ತಿ ಹಚ್ಚಿಟ್ಟು ಶಾಲೆಯ ಚೀಲದ ಪಟ್ಟಿಯ ತುದಿಯನ್ನು ಅದಕ್ಕೆ ಹಿಡಿದಿದ್ದಳು. ನೂಲು ಬಿಟ್ಟುಕೊಂಡಿದ್ದ ನೈಲಾನ್ ಪಟ್ಟಿ ಅದು. ಬೆಂಕಿ ತಾಗಿದ್ದೇ ತಡ, ಕಪ್ಪಗೆ ಮುದುಡಿ ಹೊಗೆ ಬಿಟ್ಟಿತು. ಪೇಪರ್ ಓದುತ್ತಿದ್ದ ನಾನು ಎದ್ದು ಒಳಗೆ ಹೋದೆ. “ಇಷ್ಟು ವಾಸನೆಗೆ ಎದ್ದು ಹೋಗುವುದಾ ಅಪ್ಪ?” ಎಂದು ಅವಳು ನಕ್ಕಳು. ಆ ವಾಸನೆಯ ಮೇಲೆ ಎರಡು ವರ್ಷ ವಾಸ ಮಾಡಿದವನು ನಾನು ಎಂದು ಅವಳಿಗೇನು ಗೊತ್ತು…

ಮದುವೆಗೆ ಮುಂಚೆ ನಾನು ಮೆಲ್ಕಾರಿನ ಹತ್ತಿರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಹೆದ್ದಾರಿ ಪಕ್ಕದ ಕಟ್ಟಡದಲ್ಲಿ ಮೇಲೆ ನನ್ನ ಬಾಡಿಗೆ ಕೋಣೆ, ಕೆಳಗೆ ಒಬ್ಬರ ಹೊಲಿಗೆ ಅಂಗಡಿ. ಊರಿಗೆಲ್ಲ ಅವರು ಟೈಲರ್ ಕಾಕ. ಅಂಗಿ ಪ್ಯಾಂಟು ಹೊಲಿಯುವ ಟೈಲರ್ ಅಲ್ಲ. ರಿಕ್ಷಾದ ಸೀಟು, ಶಾಲೆಯ ಚೀಲ, ಮದುವೆ ಚಪ್ಪರದ ಟಾರ್ಪಾಲು, ಮೇ ತಿಂಗಳು ಬಂತೆಂದರೆ ರಾಶಿ ರಾಶಿ ಕೊಡೆ. ನೈಲಾನ್ ಕತ್ತರಿಸಿದ ಕಡೆಯೆಲ್ಲ ಬೆಂಕಿಯಲ್ಲಿ ತುದಿ ಕರಗಿಸಿ ಮುಚ್ಚುತ್ತಿದ್ದರು. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಗಡಿಯಾರವಲ್ಲ, ಆ ವಾಸನೆ.

ಅಂಗಡಿಯ ಅಟ್ಟದಲ್ಲಿ ಮೂರು ದೊಡ್ಡ ಗಂಟುಗಳಿದ್ದವು. ಅವುಗಳಲ್ಲಿ ಏನಿದೆ ಎಂದು ಕೇಳಿದ ದಿನವೇ ನನ್ನ ಗ್ರಹಚಾರ ಶುರುವಾಯಿತು ಎನ್ನಬೇಕು. ಕಾಕ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದವರು. ಅಲ್ಲಿ ಕಡಲ ದಂಡೆಯಲ್ಲಿ ಕೈಟ್ ಸರ್ಫಿಂಗ್ ಕಲಿಸುವ ಶಾಲೆ, ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಹರಿದ ಪಟ ಹೊಲಿಯುವ ಕೆಲಸ. ಮನೆಯ ಅಂಗಳದಷ್ಟು ಅಗಲದ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಡಿಗೆ ಹಲಗೆ ಇಟ್ಟುಕೊಂಡು, ಗಾಳಿ ಎಳೆದಂತೆ ನೀರ ಮೇಲೆ ಓಡುವ ಆಟ ಅದು. ಹೊಲಿಯುತ್ತ ಹೊಲಿಯುತ್ತ ಕಾಕ ಹಾರಿಸುವುದನ್ನೂ ಕಲಿತರು, ಆಮೇಲೆ ಕಲಿಸುವುದನ್ನೂ. ಊರಿಗೆ ಬರುವಾಗ ಬೇರೆಯವರು ಚಿನ್ನ ತಂದರೆ ಇವರು ಹಳೆಯ ಮೂರು ಪಟ ತಂದಿದ್ದರು. ಮನೆಯವರು ವರ್ಷಗಟ್ಟಲೆ ತಮಾಷೆ ಮಾಡಿದ್ದರಂತೆ.

ನನಗೂ ಕಲಿಸಿ ಎಂದೆ. ಗಾಳಿಯ ಒತ್ತಡ, ಎತ್ತುವ ಬಲ ಎಲ್ಲ ನನಗೆ ಗೊತ್ತು, ದಿನಾ ಬೋರ್ಡಿನ ಮೇಲೆ ಬರೆಯುತ್ತೇನೆ ಎಂದೂ ಹೇಳಿದೆ. ಅವರು ಹೊಲಿಗೆಯಿಂದ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬೋರ್ಡಿನ ಗಾಳಿಗೆ ನಿಮ್ಮ ಪರಿಚಯ ಉಂಟು ಮಾಷ್ಟ್ರೇ. ಹೊರಗಿನದ್ದಕ್ಕೆ ಇಲ್ಲ,” ಎಂದರು.

ಪಾಠ ಶುರುವಾದದ್ದು ಕಡಲಿನಲ್ಲಲ್ಲ, ಪೊಳಲಿಯ ಕಡೆ ಹೊಳೆ ಬದಿಯ ಕೊಯ್ಲಾದ ಗದ್ದೆಯಲ್ಲಿ. ಶನಿವಾರ ಮಧ್ಯಾಹ್ನ ಗದ್ದೆ, ಭಾನುವಾರ ಸಿಕ್ಕಿದರೆ ಕಡಲು. ಗದ್ದೆಯ ಒಂದು ಅಂಚಿನಲ್ಲಿ ತೆಂಗಿನ ಸಾಲು, ಅದರಾಚೆ ಕರೆಂಟಿನ ಕಂಬಗಳು. ಕಂಬದಿಂದ ಇನ್ನೂರು ಹೆಜ್ಜೆ ಎಣಿಸಿ ಅಲ್ಲೊಂದು ಕಲ್ಲು ಇಟ್ಟು, ಆ ಕಲ್ಲು ದಾಟಬಾರದು ಎನ್ನುತ್ತಿದ್ದರು. ಪ್ರತಿ ಶನಿವಾರವೂ ಹೊಸದಾಗಿ ಎಣಿಸುವುದು. ಕಳೆದ ವಾರದ ಕಲ್ಲು ಅಲ್ಲೇ ಇದ್ದರೂ ಅದನ್ನು ನಂಬುತ್ತಿರಲಿಲ್ಲ. ನನಗೆ ನಗು ಬರುತ್ತಿತ್ತು. ಆ ತಂತಿಗಳು ಮಾತ್ರ ಬಿಸಿಲಿನಲ್ಲಿ ಸುಮ್ಮನೆ ಜೋತುಕೊಂಡು ನಮ್ಮನ್ನೇ ನೋಡುತ್ತಿರುವಂತೆ ಇರುತ್ತಿದ್ದವು.

ಮೊದಲ ಒಂದು ತಿಂಗಳು ಅವರು ಹಾರಿಸಲು ಕಲಿಸಲೇ ಇಲ್ಲ, ಬಿಡಲು ಕಲಿಸಿದರು. ಸೊಂಟದ ಪಟ್ಟಿಯ ಎದುರಿಗೆ ಒಂದು ಕೊಕ್ಕೆ. ಪಟದ ನಾಲ್ಕು ದಾರಗಳೂ ಬಂದು ಸೇರುವ ಕುಣಿಕೆ ಆ ಕೊಕ್ಕೆಗೆ ಸಿಕ್ಕಿರುತ್ತದೆ. ಕುಣಿಕೆಯ ಮೇಲೆ ಒಂದು ಕೆಂಪು ಹಿಡಿ. ಅದನ್ನು ಜಗ್ಗಿದರೆ ಪಿನ್ನು ಕಳಚಿ, ಕುಣಿಕೆ ಬಾಯಿ ಬಿಟ್ಟು, ಪಟ ಗಾಳಿ ಕಳೆದುಕೊಂಡು ಒದ್ದೆ ಬಟ್ಟೆಯ ಹಾಗೆ ಕೆಳಗೆ ಬೀಳುತ್ತದೆ. ಕಣ್ಣು ಮುಚ್ಚಿ ಜಗ್ಗಬೇಕು, ಓಡುತ್ತ ಜಗ್ಗಬೇಕು, ಬೋರಲು ಬಿದ್ದು ಕೆಸರು ತಿನ್ನುತ್ತ ಜಗ್ಗಬೇಕು. ದಾರಕ್ಕೆ ಮಾತ್ರ ಎಂದಿಗೂ ಕೈ ಹಾಕಬಾರದು. ಎಳೆತವಿರುವ ದಾರ ಬೆರಳಿಗೆ ಸುತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಹಾಗೆ ಹೇಳುವಾಗ ಕಾಕ ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. “ನನ್ನ ಮಿಶನ್ ಹಾಳಾದ್ರೆ ಇನ್ನೊಂದು ತರಬಹುದು. ಇದು ಹಾಳಾದ್ರೆ ಅಂಗಡಿಗೆ ಬೀಗ.”

ನನಗೆ ಬಿಡುವುದೇ ಕಷ್ಟವಾಯಿತು. ನಾನು ಮೂಡುಬಿದಿರೆ ಕಡೆಯ ಕಂಬಳದ ಮನೆಯವನು. ಕೋಣ ಓಡಿಸಿದವರು ನಮ್ಮಲ್ಲಿ ಯಾರೂ ಇಲ್ಲ, ಆದರೆ ಓಟದ ಕೋಣಗಳ ಹೆಗಲಿಗೆ ನೊಗ ಕಟ್ಟುವುದರಲ್ಲಿ ಅಪ್ಪನಿಗೆ ಹೆಸರಿತ್ತು. ಅಪ್ಪ ಕಟ್ಟಿದ ನೊಗ ಓಟದ ನಡುವೆ ಬಿಚ್ಚಿದ್ದನ್ನು ಯಾರೂ ನೋಡಿಲ್ಲ. ಆ ಗಂಟು ಎಳೆದಷ್ಟೂ ಬಿಗಿಯುತ್ತದೆ. ಏಳು ವರ್ಷಕ್ಕೆಲ್ಲ ನನಗೂ ಅದು ಬರುತ್ತಿತ್ತು. ಹಗ್ಗ ಬಿಟ್ಟವನು, ಗಂಟು ಜಾರಿಸಿದವನು ಮನೆಗೆ ಮುಖ ತೋರಿಸಬಾರದು ಎಂಬ ಮಾತು ಕೇಳಿಕೊಂಡೇ ಬೆಳೆದವನು ನಾನು. ಇದನ್ನು ಹೇಳಿದಾಗ ಕಾಕ ನಕ್ಕುಬಿಟ್ಟರು. “ಕೋಣಕ್ಕೆ ಓಟ ಮುಗಿದದ್ದು ಗೊತ್ತಾಗ್ತದೆ ಮಾರಾಯ್ರೆ. ಗಾಳಿಗೆ ಗೊತ್ತಾಗುವುದಿಲ್ಲ.”

ಅವರದ್ದೊಂದು ಕ್ರಮವಿತ್ತು. ಪಟ ಏಳಿಸುವ ಮುಂಚೆ “ಕೈಯಲ್ಲಿ ನೋಡಿದ್ರಾ?” ಎಂದು ಕೇಳುವುದು. ಕಣ್ಣಿನಲ್ಲಿ ನೋಡಿದರೆ ಸಾಲದು, ಕೆಂಪು ಹಿಡಿಯನ್ನು ಜಗ್ಗಿ, ಪಿನ್ನು ಕಳಚಿ, ಮತ್ತೆ ಸೇರಿಸಿ, ಆಮೇಲೆ “ನೋಡಿದ್ದೇನೆ” ಎನ್ನಬೇಕು. ನಾನು ಹಾಗೆ ಹೇಳಿದ ಮೇಲೆ ಅವರು ಮತ್ತೆ ಪರೀಕ್ಷೆ ಮಾಡುತ್ತಿರಲಿಲ್ಲ. ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಹಾರಲಾಗದಿದ್ದರೆ ಇಬ್ಬರೂ ಹಾರಬಾರದು ಎನ್ನುತ್ತಿದ್ದರು. ಎರಡನೆಯ ಕ್ರಮ, ಗಾಳಿಯ ಮೇಲೆ ಅನುಮಾನವಿದ್ದ ದಿನ ಕಲಿಯುವವನ ಪಟವನ್ನು ಕಲಿಸುವವನೇ ಮೊದಲು ಹಾರಿಸಿ ನೋಡುವುದು. ಪೆಟ್ಟು ಬೀಳುವುದಿದ್ದರೆ ತನಗೆ ಬೀಳಲಿ ಎಂದು.

ಎರಡನೆಯ ವರ್ಷ ಡಿಸೆಂಬರಿನಲ್ಲಿ ನನ್ನ ಪಟ ತೊಂದರೆ ಕೊಡಲು ಶುರುಮಾಡಿತು. ಹಳೆಯ ಪಿನ್ನು ಸವೆದು, ಜಗ್ಗದೆಯೂ ತಾನಾಗಿ ಕಳಚಿಕೊಳ್ಳುತ್ತಿತ್ತು. ವರ್ಷವಿಡೀ ಉಪ್ಪುನೀರು ಕುಡಿದು, ಹಲಗೆ ಕಳೆದುಕೊಂಡು, ಮೊಣಕಾಲು ತರಚಿಕೊಂಡು, ಕೊನೆಗೆ ಒಂದು ಭಾನುವಾರ ನಾನು ಹಲಗೆಯ ಮೇಲೆ ಎದ್ದು ನಿಂತೆ. ನಾಲ್ಕು ಮಾರು ಓಡಿದೆ ಅಷ್ಟೇ… ಟಕ್ಕನೆ ಪಿನ್ನು ಕಳಚಿತು. ಪಟ ಬಿತ್ತು, ನಾನೂ ಬಿದ್ದೆ. ದಡದಲ್ಲಿ ಬಲೆ ಬಿಡಿಸುತ್ತಿದ್ದವರೊಬ್ಬರು “ಮಾಷ್ಟ್ರೇ, ಇವತ್ತು ಎಂತ ಮೀನು ಸಿಕ್ಕಿತು?” ಎಂದು ಕೂಗಿದರು. ಮುಂದಿನ ಭಾನುವಾರವೂ ಅದೇ, ಅದರ ಮುಂದಿನ ಭಾನುವಾರವೂ ಅದೇ. ಮೂರನೆಯ ಸಲ ನಾನು ನೀರಿಗೆ ಹೊಡೆದು ಅತ್ತೆ ಎಂದರೆ ನಂಬುತ್ತೀರಾ? ಮೂವತ್ತು ದಾಟಿದ ಮೇಷ್ಟ್ರು!

ಗಲ್ಫಿನಿಂದ ಬರುವವರೊಬ್ಬರ ಹತ್ತಿರ ಹೊಸ ಪಿನ್ನು ತರಿಸುತ್ತೇನೆ, ಅಲ್ಲಿಯವರೆಗೆ ಗದ್ದೆಯಲ್ಲಿ ಮಾತ್ರ ಹಾರಿಸುವ ಎಂದರು ಕಾಕ. ನನಗೆ ತಾಳ್ಮೆಯಿರಲಿಲ್ಲ. ಚೀಲ ಹೊಲಿಯಲು ಎಂದು ಸುಳ್ಳು ಹೇಳಿ, ಅವರ ಅಂಗಡಿಯಿಂದಲೇ ಮೇಣ ಹಚ್ಚಿದ ಕೆಂಪು ನೂಲು ಕೇಳಿ ತಂದೆ. ಕೋಣೆಯಲ್ಲಿ ಕೂತು ಪಿನ್ನನ್ನೂ ಹಿಡಿಯನ್ನೂ ಸೇರಿಸಿ ಅಪ್ಪನ ನೊಗದ ಗಂಟು ಹಾಕಿದೆ. ಕೆಂಪಿನ ಮೇಲೆ ಕೆಂಪು, ಹತ್ತಿರದಿಂದ ನೋಡಿದರೂ ಕಾಣುತ್ತಿರಲಿಲ್ಲ. ಗಂಟಿನ ತುದಿಯನ್ನು ಅವರು ಮಾಡುವ ಹಾಗೆಯೇ ಬೆಂಕಿಗೆ ಹಿಡಿದು ಕರಗಿಸಿದೆ. ಒಳ್ಳೆಯ ಕೆಲಸ ಮಾಡಿದ ಹೆಮ್ಮೆ ಬೇರೆ.

ಫೆಬ್ರವರಿಯ ಆ ಶನಿವಾರ ಪೊಳಲಿಯ ಗದ್ದೆಯಲ್ಲಿ ಗಾಳಿ ಸರಿಯಿರಲಿಲ್ಲ. ಒಂದು ಗಳಿಗೆ ಹುಲ್ಲುಕಡ್ಡಿಯೂ ಅಲುಗದು, ಮರುಗಳಿಗೆ ಎಲ್ಲಿಂದಲೋ ಬಂದು ಲುಂಗಿ ಎತ್ತುವಂಥ ಗಾಳಿ. ಗದ್ದೆಯ ಆಚೆ ತುದಿಯಲ್ಲಿ ಒಣಹುಲ್ಲು ಸುರುಳಿ ಸುತ್ತಿ ಮೇಲೆದ್ದು ಬಿತ್ತು. ಸದಾ ಗಲಾಟೆ ಮಾಡುವ ಕೊಕ್ಕರೆಗಳು ಒಂದೂ ಇರಲಿಲ್ಲ. ಕಾಕ ಬಹಳ ಹೊತ್ತು ತೆಂಗಿನ ಸಾಲಿನ ಕಡೆ ನೋಡಿದರು. “ಇವತ್ತು ಬೇಡ, ಮನೆಗೆ ಹೋಗುವ,” ಎಂದರು. ಒಂದೇ ಸಲ ಕಾಕ, ಹತ್ತು ನಿಮಿಷ ಎಂದು ನಾನು ಗೋಗರೆದೆ. ಅವರು ನನ್ನ ಮುಖ ನೋಡಿ ಸೋತರು. ಗಾಳಿಯ ಮೇಲೆ ಅನುಮಾನವಿದ್ದುದರಿಂದ ಕ್ರಮದ ಪ್ರಕಾರ ನನ್ನ ಪಟ್ಟಿಯನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡರು. ದಾರ ಕತ್ತರಿಸುವ ಸಣ್ಣ ಚಾಕು ಅವರ ಸ್ವಂತ ಪಟ್ಟಿಯಲ್ಲಿತ್ತು. ಆ ಪಟ್ಟಿ ಬದುವಿನ ಮೇಲೆ ಉಳಿಯಿತು.

“ಕೈಯಲ್ಲಿ ನೋಡಿದ್ರಾ?” ಎಂದು ಕೇಳಿದರು.

ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಅವರು ಬೈಯುತ್ತಾರೆ, ಇನ್ನು ಕಲಿಸುವುದೇ ಇಲ್ಲ ಎನ್ನುತ್ತಾರೆ ಎಂದು ಹೆದರಿದೆ. ಗದ್ದೆಯಲ್ಲಿ ಏನಾಗುತ್ತದೆ ಎಂದುಕೊಂಡೆ. “ನೋಡಿದ್ದೇನೆ,” ಎಂದೆ.

ಪಟ ಎದ್ದು ತಲೆಯ ಮೇಲೆ ಸುಮ್ಮನೆ ನಿಂತಿತು. ಆಮೇಲೆ ಆ ಹುಲ್ಲಿನ ಸುರುಳಿ ಗದ್ದೆಯ ಆ ತುದಿಯಿಂದ ನಮ್ಮ ಕಡೆಗೆ ಬಂತು. ಪಟ ಒಮ್ಮೆ ಗಿರಕಿ ಹೊಡೆದು ಕಂಬಗಳ ದಿಕ್ಕಿಗೆ ನುಗ್ಗಿತು. ಕಾಕ ನೆಲಕ್ಕೆ ಬಿದ್ದರು, ಪಟ ಅವರನ್ನು ಎಳೆದುಕೊಂಡು ಹೋಗತೊಡಗಿತು. ಅವರ ಬಲಗೈ ಕೆಂಪು ಹಿಡಿಯನ್ನು ಜಗ್ಗಿದ್ದನ್ನು ನಾನು ನೋಡಿದೆ. ಒಮ್ಮೆ, ಎರಡು ಸಲ, ಮೂರು ಸಲ. ಅಪ್ಪನ ಗಂಟು ಎಳೆದಷ್ಟೂ ಬಿಗಿಯಿತು. ಇನ್ನೂರು ಹೆಜ್ಜೆಯ ಕಲ್ಲನ್ನು ದಾಟಿಯೇ ಹೋದರು. ತಂತಿ ಎದುರಿಗೆ ಬರುತ್ತಿತ್ತು. ಎಂದಿಗೂ ದಾರಕ್ಕೆ ಕೈ ಹಾಕಬಾರದು ಎಂದು ಕಲಿಸಿದವರು ಬಲಗೈಯಿಂದಲೇ ಒಂದು ದಾರವನ್ನು ಹಿಡಿದು ಪಟವನ್ನು ಪಕ್ಕಕ್ಕೆ ಎಳೆದರು. ಪಟ ತಂತಿಯನ್ನು ತಪ್ಪಿಸಿ ತೆಂಗಿನ ಮರಕ್ಕೆ ಸಿಕ್ಕಿತು. ದಾರ ಬಿಗಿಯಿತು. ಆ ಕೂಗು ನನಗೆ ಈಗಲೂ…

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕತ್ತಿ ಹಿಡಿದುಕೊಂಡು ಓಡಿಬಂದು ದಾರಗಳನ್ನು ಕತ್ತರಿಸಿದರು. ನಾನು ಅವರಿಗಿಂತ ಹತ್ತಿರವಿದ್ದೆ, ಆದರೂ ಮೊದಲು ತಲುಪಿದ್ದು ಅವರು. ಹೆಬ್ಬೆರಳು, ತೋರುಬೆರಳು ಎರಡೂ ಬುಡದಿಂದ ಹೋಗಿದ್ದವು. ನಾನು ನನ್ನ ಅಂಗಿ ಹರಿದು ಕಟ್ಟುತ್ತಿದ್ದಾಗ ಕಾಕ ಎಡಗೈಯಿಂದ ಕೆಂಪು ಹಿಡಿಯನ್ನು ಮುಟ್ಟಿ ಮುಟ್ಟಿ ನೋಡಿದರು. ನೂಲು ತಿಳಿಯದ ಕೈಯೇ ಅದು? ತಮ್ಮ ಅಂಗಡಿಯ ನೂಲು, ತಮ್ಮ ಹಾಗೆ ಕರಗಿಸಿದ ತುದಿ. ಒಮ್ಮೆ ನನ್ನ ಕಡೆ ನೋಡಿ ಕಣ್ಣು ಮುಚ್ಚಿದರು.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು, “ಹಳೇ ಪಿನ್ನು, ಕಚ್ಚಿಕೊಂಡಿತು.” ಪಕ್ಕದಲ್ಲಿ ನಿಂತಿದ್ದ ನಾನು ಹೌದು ಹೌದು ಎಂದು ತಲೆಯಾಡಿಸಿದೆ. ನನ್ನ ಮೇಲೆ ನನಗೆ ಇವತ್ತಿಗೂ ಅಸಹ್ಯ ಹುಟ್ಟಿಸುವುದು ಆ ಗಂಟಿಗಿಂತ ಹೆಚ್ಚಾಗಿ ಆ ತಲೆಯಾಡಿಸುವಿಕೆ.

ಮೂರು ತಿಂಗಳಲ್ಲಿ ಅಂಗಡಿಗೆ ಬೀಗ ಬಿತ್ತು. ಕೊಡೆಯ ಸೀಸನ್ನು ಶುರುವಾಗುವ ಹೊತ್ತು. ಜನ ಕೊಡೆ ಹಿಡಿದುಕೊಂಡು ಬಂದು ಬೀಗ ನೋಡಿ ಹಿಂದೆ ಹೋಗುತ್ತಿದ್ದರು. ಕಾಕ ಉಪ್ಪಿನಂಗಡಿ ಕಡೆ ಮಗಳ ಮನೆಗೆ ಹೊರಟ ದಿನ ನನ್ನನ್ನು ಕರೆದು ಒಂದು ಸಣ್ಣ ಪೊಟ್ಟಣ ಕೊಟ್ಟರು. ಒಳಗೆ ಅದೇ ಕೆಂಪು ಹಿಡಿ, ಕುಣಿಕೆ. ಹೊಸ ಪಿನ್ನು ಕೊನೆಗೂ ಬಂದಿತ್ತು. ಕುಣಿಕೆಗೆ ಹೊಸ ಹೊಲಿಗೆಯೂ ಬಿದ್ದಿತ್ತು. ಓರೆಕೋರೆ ಹೊಲಿಗೆ, ಒಂದನೆಯ ಕ್ಲಾಸಿನ ಮಕ್ಕಳ ಅಕ್ಷರದ ಹಾಗೆ. ಎಡಗೈಯಲ್ಲಿ ಹೊಲಿದದ್ದು.

“ಇದಕ್ಕೆ ಗಂಟು ಬೇಡ ಮಾಷ್ಟ್ರೇ,” ಎಂದರು.

ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ. ನಾನು “ಆಯ್ತು ಕಾಕ,” ಎಂದೆ, ಏನೂ ಗೊತ್ತಿಲ್ಲದವನ ಹಾಗೆ. ಹೋಗಿ ಎಲ್ಲ ಹೇಳಿಬಿಡಬೇಕು ಎಂದು ಆಮೇಲೆ ಎಷ್ಟು ಸಲ ಹೊರಟೆನೋ. ಇಲ್ಲಿಂದ ಏನು ದೂರ, ಒಂದೂವರೆ ಗಂಟೆಯ ದಾರಿ. ಮದುವೆಯಾಯಿತು, ಊರು ಬದಲಾಯಿತು, ಮಗಳು ಹುಟ್ಟಿದಳು. ಪ್ರತಿ ಸಲ ಒಂದು ನೆವ. ಕಳೆದ ತಿಂಗಳು ಮೆಲ್ಕಾರಿನ ಹಳೆಯ ಪರಿಚಯದವರೊಬ್ಬರು ಫೋನು ಮಾಡಿ ಟೈಲರ್ ಕಾಕ ತೀರಿಹೋದರು ಎಂದರು. ಇನ್ನು ಹೊರಡುವ ಪ್ರಶ್ನೆಯಿಲ್ಲ.

ಮೊನ್ನೆ ನಾನು ಒಳಗೆ ಹೋಗಿ ನಿಂತದ್ದು ಆ ಕೆಂಪು ಹಿಡಿಯ ಎದುರಿಗೆ. ನನ್ನ ಮೇಜಿನ ಮೇಲ್ಗಡೆ ಗೋಡೆಯ ಮೊಳೆಯಲ್ಲಿ ಅದು ಹತ್ತು ವರ್ಷದಿಂದ ತೂಗುತ್ತಿದೆ. ಮಗಳು ಹಿಂದೆಯೇ ಬಂದು, ದಿನಾ ಕಾಣುವುದನ್ನೇ ಮೊದಲ ಸಲ ಇದು ಎಂತದು ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಒಂದು ಬೆರಳಿನಿಂದ ಜಗ್ಗಿದಳು. ಟಕ್ಕನೆ ಪಿನ್ನು ಕಳಚಿ ಕುಣಿಕೆ ಬಾಯಿ ಬಿಟ್ಟಿತು. ಅವಳು ಮತ್ತೆ ಸೇರಿಸಿದಳು, ಮತ್ತೆ ಜಗ್ಗಿದಳು. ಒಮ್ಮೆಯೂ ತಪ್ಪಲಿಲ್ಲ.

ಗಂಟು ಹಾಕಿದ್ದನ್ನೂ ಕಾಕನ ಬೆರಳು ಹೋದದ್ದನ್ನೂ ಅವಳಿಗೆ ಹೇಳಿದೆ. ಹೆಂಡತಿಗೂ ಹೇಳದಿದ್ದದ್ದನ್ನು ಹೇಳಿದೆ. ಅವಳು ಆ ಓರೆ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ, “ಗಂಟು ಹಾಕಿದ್ದು ನಾನೇ ಅಂತ ಅವರ ಹತ್ರ ಹೇಳಿದ್ರಾ ಅಪ್ಪ?” ಎಂದಳು.

ಹೇಳಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜಗಲಿಯಿಂದ ಆ ವಾಸನೆ ಇನ್ನೂ ಬರುತ್ತಿತ್ತು.

“ಇಲ್ಲ,” ಎಂದೆ.