ಹನ್ನೆರಡು ನಂಬರಿನ ಪಾನಾ

ನಮ್ಮ ಕಾರು ರಿಪೇರಿಯ ಮೇಸ್ತ್ರಿಯ ಉಡದಾರಕ್ಕೆ, ಬೋಲ್ಟು ತಿರುಗಿಸುವ ಹನ್ನೆರಡು ನಂಬರಿನ ಪಾನಾ ಒಂದು ಉದ್ದನೆಯ ದಾರದಲ್ಲಿ ಸದಾ ಜೋತುಬಿದ್ದಿರುತ್ತಿತ್ತು. ಕೆಲಸಕ್ಕೆ ಬಗ್ಗಿದರೂ, ಊಟಕ್ಕೆ ಕೂತರೂ ಬಿಚ್ಚುತ್ತಿರಲಿಲ್ಲ. ನಡೆದಾಗಲೆಲ್ಲ ತೊಡೆಗೆ ಬಡಿದು ಬಡಿದು ಲುಂಗಿ ಅಲ್ಲಿ ಸವೆದುಹೋಗಿತ್ತು. ಬಿಚ್ಚಿಟ್ಟರೆ ಯಾರೋ ಹೊಡೆದುಕೊಂಡು ಹೋಗುತ್ತಾರೆಂಬ ಗುಮಾನಿ. ಹಗರಿಬೊಮ್ಮನಹಳ್ಳಿಯಲ್ಲಿ ಆ ಮನುಷ್ಯ ಗುಮಾನಿ ಪಡದ ಒಂದು ಪಿಳ್ಳೆಯೂ ಇರಲಿಲ್ಲ. ಚಹಾದವನು ನಿನ್ನೆಯ ಹಾಲು ಹಾಕುತ್ತಾನೆ, ಆಯಿಲ್ ಡಬ್ಬದ ಸೀಲು ಒಡೆದು ಮತ್ತೆ ಅಂಟಿಸಿದ್ದಾರೆ, ಹೀಗೇ. ಒಮ್ಮೆ ಟೆಸ್ಟರ್ ಕದ್ದನೆಂದು ಪಕ್ಕದ ಪಂಚರ್ ಅಂಗಡಿಯವನ ಮೇಲೆ ಹರಿಹಾಯ್ದರು. ಅದು ಇವರದೇ ಕಿವಿಯ ಸಂದಿನಲ್ಲಿತ್ತು. ಆಗಲೂ, ಸಿಕ್ಕಿಬೀಳುತ್ತೀನೆಂದು ಅವನೇ ತಂದು ಸಿಗಿಸಿದ್ದಾನೆ ಅಂದರು!

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ಸಾಮಾನಿನ ಅಂಗಡಿ. ವಯಸ್ಸಿನ ಹುಚ್ಚಿಗೆ ಬಳ್ಳಾರಿಯಿಂದ ಒಂದು ಹಳೆಯ ಕೆಂಪು ಕಾರು ತಂದಿದ್ದೆ. ಮಣ್ಣಿನ ಹಾದಿಯ ರೇಸಿಗೆಂದು ಅದರ ಇಂಜಿನ್ನನ್ನು ಯಾರೋ ಬಿಚ್ಚಿ ಹೊಸದಾಗಿ ಕಟ್ಟಿದ್ದರು. ಸೈಲೆನ್ಸರ್ ಕಡೆಗೆ ಹೊಗೆ ಒಯ್ಯಲು ನಾಲ್ಕು ಕಾಲಿನ ಪೈಪು ಬೇರೆ ಇತ್ತು, ಅದಕ್ಕೆ ಹೆಡರ್ ಅನ್ನುತ್ತಾರೆ. ಆ ಹೆಡರನ್ನು ಇಂಜಿನ್ನಿಗೆ ಕಚ್ಚಿ ಹಿಡಿಯುವ ಬೋಲ್ಟುಗಳದ್ದೇ ನನ್ನ ಜನ್ಮದ ತಲೆನೋವು. ಕಾದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ, ನಡುಕಕ್ಕೆ ಸಡಿಲಾಗುತ್ತವೆ.

ಮೇಸ್ತ್ರಿ ಅವನ್ನು ಬಿಗಿ ಮಾಡುತ್ತಿದ್ದುದು ಬೆಳಿಗ್ಗೆ ಮಾತ್ರ, ಅದೂ ಇಂಜಿನ್ ಪೂರ್ತಿ ತಣ್ಣಗಿದ್ದಾಗ. "ಕಾದ ಬೋಲ್ಟು ಸುಳ್ಳು ಹೇಳ್ತೈತಿ ತಮ್ಮಾ," ಅನ್ನುತ್ತಿದ್ದರು. ಸ್ಟಾರ್ಟ್ ಮಾಡಿ ತಂದರೆ ಬಾನೆಟ್ ಮುಟ್ಟಿ ನೋಡಿ ವಾಪಸ್ ಕಳಿಸುತ್ತಿದ್ದರು. ಹಾಗಾಗಿ ನಾನು ರೇಸಿನ ಕಾರನ್ನು ಕೊಟ್ಟೂರು ರಸ್ತೆಯ ಅವರ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗಬೇಕು, ಹೂವು ಮಾರುವವರೆಲ್ಲ ನಗಬೇಕು. ನನಗೂ ಅವರ ಮೇಲೆ ಗುಮಾನಿ ಇರಲಿಲ್ಲ ಅಂತಲ್ಲ. ನಾನು ಮತ್ತೆ ಮತ್ತೆ ಬರಲಿ ಎಂದು ಈ ಆಸಾಮಿ ಬೇಕಂತಲೇ ಸಡಿಲ ಬಿಡುತ್ತಾನೆ ಎಂದು ಹೆಂಡತಿಯ ಹತ್ತಿರ ಎಷ್ಟೋ ಸಲ ಬೈದಿದ್ದೆ. ಬಿಗಿಯನ್ನು ಅಳೆದು ತೋರಿಸುವ ಪಾನಾ ಒಂದು ಬರುತ್ತದಲ್ಲ, ಅದನ್ನು ತಂದುಕೊಡುತ್ತೀನೆಂದರೆ ಬೇಡವೆಂದರು. ಅದನ್ನು ಮಾಡಿದವನು ಯಾವನೋ ಏನೋ, ತನ್ನ ಕೈಯೊಂದನ್ನು ಬಿಟ್ಟು ತಾನು ಯಾರನ್ನೂ ನಂಬುವುದಿಲ್ಲ ಎಂದರು.

ಕಾರು ತಂದ ವರ್ಷವೇ ಮಗಳ ತಲೆನೋವಿನ ಕಾಟ ಶುರುವಾಯಿತು. ಹೊಳೆದಂಡೆಯ ಮಾಗಳದಲ್ಲಿ ನನ್ನ ಹೆಂಡತಿಯ ತವರು. ಅಲ್ಲಿಗೆ ಹೋದಾಗಲೆಲ್ಲ ಹುಡುಗಿ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಅತ್ತೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹೆಂಡತಿಗೆ ತವರಿನ ಪಕ್ಕದ ಮನೆಯವಳ ಕಣ್ಣಿನ ಮೇಲೆ ಅನುಮಾನ, ನನಗೆ ಹೊಳೆಯ ನೀರಿನ ಮೇಲೆ. ಡಾಕ್ಟರು ಕನ್ನಡಕ ಬರೆದುಕೊಟ್ಟರು. ಕೊನೆಗೆ ದೃಷ್ಟಿಯಾದದ್ದು ಕಾರಿಗೇ ಎಂದು ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೂ ಆಯಿತು. ಹುಡುಗಿ ಮಾತ್ರ ಬಾಡುತ್ತಲೇ ಇದ್ದಳು. ನನಗೆ ಒಳಗೊಳಗೇ ಭಯ ಹಿಡಿದಿತ್ತು.

ಒಂದು ಭಾನುವಾರ ಮೂವರೂ ಮಾಗಳದಿಂದ ವಾಪಸ್ ಬರುವಾಗ, ಟೈರಿನ ಗಾಳಿ ಸಾಕಾ ನೋಡಿಸೋಣವೆಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮಗಳನ್ನು ಮೇಸ್ತ್ರಿ ನೋಡಿದರು. ನಿಂಬೆಹಣ್ಣನ್ನೂ ನೋಡಿದರು.

"ಯವ್ವಾ, ತಲಿ ಅಜ್ಜಿ ಮನ್ಯಾಗ ನೋಯ್ತೈತೋ, ಕಾರಿನ್ಯಾಗೋ?"

ನಾವು ಯಾರೂ ಕೇಳದೇ ಇದ್ದ ಮಾತು ಅದು. ಕಾರಿನಲ್ಲಿ ನೋಯುತ್ತದೆ, ಇಳಿದು ಸ್ವಲ್ಪ ಹೊತ್ತಿಗೆ ಹೋಗುತ್ತದೆ ಎಂದಳು. ಮೇಸ್ತ್ರಿ ನನ್ನ ಕೈಯಿಂದ ಕೀಲಿ ಕಿತ್ತುಕೊಂಡರು. ಮಗಳನ್ನು ಎತ್ತಿಕೊಂಡು ಮನೆಗೆ ನಡೆದೆವು.

ಮರುದಿನ ಬೆಳಿಗ್ಗೆ ಹೋದೆ. ಬಾನೆಟ್ ತೆರೆದು ಸ್ಟಾರ್ಟ್ ಮಾಡಿಸಿದರು. ಟಿಕ್ ಟಿಕ್ ಎಂದು ಸಣ್ಣ ಸಪ್ಪಳ. ಅದು ರೇಸ್ ಇಂಜಿನ್ನಿನ ಠೀವಿ ಎಂದು ನಾನು ತಿಂಗಳುಗಟ್ಟಲೆ ಮೆರೆದಿದ್ದೆ. ಗ್ಯಾರೇಜಿನ ದೇವರ ಪಟದ ಮುಂದಿನ ಊದಿನಕಡ್ಡಿ ತಂದು ಹೆಡರಿನ ಸಂದಿಗೆ ಹಿಡಿದರು. ನೆಟ್ಟಗೆ ಏಳುತ್ತಿದ್ದ ಹೊಗೆ ಅಲ್ಲಿ ಪಟಪಟನೆ ಒಡೆದು ಚದುರಿತು. ಇಂಜಿನ್ನಿನ ವಿಷದ ಗಾಳಿ ಅಲ್ಲಿಂದ ಸೋರಿ, ಹೊಸ ಮೀಟರಿನ ವೈರಿಗಾಗಿ ಕೊರೆದು ಹಾಗೇ ಬಿಟ್ಟಿದ್ದ ತೂತಿನಿಂದ ಒಳಗೆ ಬರುತ್ತಿತ್ತು. ಆ ತೂತು ಇದ್ದದ್ದು ಮಗಳ ಕಾಲಿನ ಹತ್ತಿರವೇ. ಧೂಳೆಂದು ಗಾಜು ಏರಿಸಿಕೊಂಡು ನಾವು ಅವಳನ್ನು ಅದರಲ್ಲಿ ಕೂರಿಸುತ್ತಿದ್ದೆವು.

ಇಂಜಿನ್ ಬಂದ್ ಮಾಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಪಾನಾ ಹಾಕಿದರು. ಮೂರು ಬೋಲ್ಟು ಸಡಿಲ ಇದ್ದವು. ಯಾವನು ಕೈ ಹಾಕಿದ್ದು, ಬೇರೆ ಗ್ಯಾರೇಜಿಗೆ ಹೋಗಿದ್ದೆಯಾ ಎಂದು ನನ್ನನ್ನೇ ದುರುಗುಟ್ಟಿ ನೋಡಿದರು. ವಾರದ ಹಿಂದೆ ನೀವೇ ಬಿಗಿ ಮಾಡಿದ್ದೆಂದೆ. ಮೂರನ್ನೂ ಬಿಗಿ ಮಾಡಿ, ಉಡದಾರದಿಂದ ಪಾನಾ ಬಿಚ್ಚಿದರು. ಅವರು ಅದನ್ನು ಬಿಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನೀನೊಮ್ಮೆ ನೋಡು," ಎಂದು ನನ್ನ ಕೈಗೆ ಕೊಟ್ಟರು.

ಆಗಷ್ಟೇ ಅವರು ಬಿಗಿ ಮಾಡಿದ ಬೋಲ್ಟು ನನ್ನ ಕೈಯಲ್ಲಿ ಸಲೀಸಾಗಿ ಇನ್ನೂ ಅರ್ಧ ಸುತ್ತು ತಿರುಗಿತು. ಮೇಸ್ತ್ರಿ ಬಲಗೈಯನ್ನು ಮುಖದ ಮುಂದೆ ಹಿಡಿದು ಮುಷ್ಟಿ ಕಟ್ಟಿದರು. ಎರಡು ಬೆರಳು ಪೂರ್ತಿ ಮಡಚಲಿಲ್ಲ.

"ಇದೂ ಕಳ್ಳ ಆತಲ್ಲೋ ತಮ್ಮಾ," ಎಂದರು.

ನನಗೆ ಅಳು ಬಂದುಬಿಟ್ಟಿತು. ಮಗಳನ್ನು ನೆನೆದೋ ಅವರನ್ನು ನೋಡಿಯೋ ಈಗಲೂ ಹೇಳಲಾರೆ.

ತೂತಿಗೆ ರಬ್ಬರ್ ಬಡಿದು ಮುಚ್ಚಿದರು. ತಲೆನೋವು ಅಲ್ಲಿಗೇ ನಿಂತಿತು, ಕನ್ನಡಕ ಕಪಾಟು ಸೇರಿತು. ಆಮೇಲೆ ಅವರು ಬಿಗಿ ಮಾಡಿದ್ದನ್ನೆಲ್ಲ ನಾನು ಇನ್ನೊಮ್ಮೆ ನೋಡಬೇಕು, ಇದು ನಮ್ಮ ಕರಾರಾಯಿತು. ಕೊನೆಗೆ ಅರ್ಧ ಮೈಗೆ ಲಕ್ವಾ ಹೊಡೆದು ಮಲಗಿದರು. ನೋಡಲು ಹೋದಾಗ ಗುಳಿಗೆ ಯಾವ ಕಂಪನಿಯದೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ದಿಂಬಿನ ಕೆಳಗಿಂದ ಪಾನಾ ತೆಗೆಸಿ ನನಗೆ ಕೊಟ್ಟು, ಯಾರ ಕೈಗೂ ಕೊಡಬೇಡ, ಎಲ್ಲರೂ ಕಳ್ಳರು ಎಂದರು. ಆ ವಾರವೇ ಹೋಗಿಬಿಟ್ಟರು.

ಆ ಮಾತನ್ನು ನಾನು ನಡೆಸಿಲ್ಲ. ಕೆಂಪು ಕಾರು ಇನ್ನೂ ಇದೆ, ಈಗ ಅದನ್ನು ಮಾಗಳಕ್ಕೆ ಓಡಿಸಿಕೊಂಡು ಹೋಗುವವಳು ಮಗಳೇ. ಹೊರಡುವ ದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಬೋಲ್ಟುಗಳನ್ನು ಬಿಗಿ ಮಾಡಿ ಪಾನಾ ಅವಳಿಗೆ ಕೊಡುತ್ತೇನೆ. ನೀನೊಮ್ಮೆ ನೋಡವ್ವಾ ಅನ್ನುತ್ತೇನೆ. ಮೊನ್ನೆ ಕೊನೆಯ ಬೋಲ್ಟು ಅವಳ ಕೈಯಲ್ಲಿ ಒಂಚೂರು ತಿರುಗಿತು. ಅವಳು ಬಾನೆಟ್ ಮುಚ್ಚಿದಳು. ನಾನು ಹಿಂದೆ ಸರಿದು, ಅವಳಿಗೆ ಕಾಣದ ಹಾಗೆ ಮುಷ್ಟಿ ಕಟ್ಟಿ ನೋಡಿಕೊಂಡೆ.