ಗಾಳಿ ಮಷೀನಿಗೆ ಲಾವಂಚ

ಗೆಳೆಯರೇ, ಗೊರಕೆ ಹೊಡೆಯುತ್ತಲೇ ನಿದ್ದೆಯಲ್ಲಿ ಉಸಿರು ಕಟ್ಟುವ ನಮ್ಮ ಯಜಮಾನರು, ಡಾಕ್ಟರು ಬರೆದುಕೊಟ್ಟ, ಮಲಗಿದಾಗ ಮೂಗಿಗೆ ಗಾಳಿ ಊದುವ ಸಿಪ್ಯಾಪ್ ಮಷೀನನ್ನು ವಾಪಸ್ ಕೊಟ್ಟೇ ಬರುತ್ತೇನೆಂದು ಇವತ್ತು ಸೊರಬದಿಂದ ಶಿಕಾರಿಪುರದ ಅಂಗಡಿಗೆ ಹೊರಟರು. ಬಿಟ್ಟೇನೆಯೇ? ಅತ್ತೆಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

"ಹಾಕ್ಕಂಡ ಕೂಡ್ಲೇ ಮುಖಕ್ಕೆ ರಪ್ಪಂತ ಗಾಳಿ ಹೊಡಿತದೆ, ಮೂಗೆಲ್ಲ ಒಣಗ್ತದೆ!" ಎಂದು ಯಜಮಾನರು ಅಂಗಡಿಯವರ ಮೇಲೆ ರೇಗಿದರು.

ಅಂಗಡಿಯವರು ಮಷೀನಿನ ನೀರಿನ ಡಬ್ಬಿ ತೆರೆದರು. ಒಳಗೆ ಲಾವಂಚದ ಬೇರು!

"ಕುಡಿಯೋ ನೀರಿಗೆ ಹಾಕಲ್ವೇನಪ್ಪಾ? ತಂಪಾಗ್ಲಿ ಅಂತ ಹಾಕಿದ್ದೆ" ಎಂದರು ಅತ್ತೆ.

"ಅಮ್ಮಾ, ಇದಕ್ಕೆ ಬರೀ ಡಿಸ್ಟಿಲ್ಡ್ ವಾಟರ್ ಹಾಕ್ಬೇಕ್ರೀ."

ಡಬ್ಬಿ ತೊಳೆದು, ತೇವ ಹೆಚ್ಚಿಸಿ, ಗಾಳಿ ಮೆಲ್ಲಗೆ ಶುರುವಾಗಿ ಏರುವಂತೆ ಮಾಡಿ, ಮಾಸ್ಕ್ ತೊಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಈಗ ಹೆಂಗೈತ್ರೀ?"

ಯಜಮಾನರು ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ನಮ್ಮ ಮದುವೆಯಾದ ಮೇಲೆ ಮೊದಲ ಸಲ, ಸದ್ದಿಲ್ಲದೆ.